ಕೈಯಲ್ಲಿ ಮಾತಾಡಿದರೆ ಬಾಯಿಯ ಮಾತು ನಿಂತುಹೋಗುತ್ತದೆಯೇ?

ಪ್ರಶ್ನೆ: ನಾವು ರಬಕವಿ-ಬನಹಟ್ಟಿಯವರು. ಮನೆಗೆ ಹೊಂದಿಕೊಂಡೇ ನಾಲ್ಕು ಪವರ್‌ಲೂಮ್ ಇವೆ. ನಾನು ಒಂದು ಸೌಹಾರ್ದ ಸೊಸೈಟಿಯಲ್ಲಿ ಕೆಲಸ ಮಾಡುತ್ತೇನೆ. ಮಗಳಿಗೆ ಮೂರೂವರೆ ವರ್ಷ. ಹುಟ್ಟಿನಿಂದಲೇ ಎರಡೂ ಕಿವಿ ಕೇಳಿಸುವುದಿಲ್ಲ. ನಮಗೆ ಗೊತ್ತಾಗಿದ್ದು ಎರಡು ವರ್ಷವಾದ ಮೇಲೆ. ಕಿವಿ ಮಷೀನ್ ಹಾಕಿಸಿದ್ದೇವೆ, ವಾರಕ್ಕೊಮ್ಮೆ ಸ್ಪೀಚ್ ಥೆರಪಿಗೆ ಕರೆದುಕೊಂಡು ಹೋಗುತ್ತೇವೆ. ಮನೆಯಲ್ಲಿ ಕೈಸನ್ನೆಯಿಂದ ಹೇಗೋ ನಡೆದಿದೆ. ನಮ್ಮ ತಾಯಿ ಮತ್ತು ಮಗಳು ಚೆನ್ನಾಗಿಯೇ ಹೊಂದಿಕೊಂಡಿದ್ದಾರೆ. ಆದರೆ ಥೆರಪಿಯವರು "ಸನ್ನೆ ನಿಲ್ಲಿಸ್ರಿ, ಇಲ್ಲಾಂದ್ರ ಮಾತು ಬರೂದಿಲ್ಲ" ಎಂದರು. ಈಗ ನನ್ನ ಹೆಂಡತಿ ಮಗುವಿನ ಕೈ ಹಿಡಿದು ಕೂರಿಸುತ್ತಾಳೆ, ಮಗು ಅಳುತ್ತದೆ. ಇನ್ನೊಂದು ಕಡೆ ನಮ್ಮ ಸೊಸೈಟಿಯ ತರಬೇತಿಯಲ್ಲಿ, ಜನರ ನಡುವಿನ ಸಂವಹನದಲ್ಲಿ ಶೇ 93ರಷ್ಟು ಮಾತಿಲ್ಲದೆಯೇ ನಡೆಯುತ್ತದೆ ಎಂದು ಹೇಳಿದರು. ಹಾಗಿದ್ದರೆ ಕೈಸನ್ನೆಯೇ ಸಾಕಲ್ವಾ? ಸನ್ನೆ ಭಾಷೆ ಅಂದರೆ ಇದೇನಾ? ಕನ್ನಡದಲ್ಲಿ ಸನ್ನೆ ಭಾಷೆ ಇದೆಯಾ?

ಉತ್ತರ: ಮೊದಲು ಒಂದು ಮಾತು. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ. ಮಗಳ ಕೈ ಹಿಡಿಯುವುದನ್ನು ಇವತ್ತೇ ನಿಲ್ಲಿಸಲು ನಿಮ್ಮ ಮನೆಯವರಿಗೆ ಹೇಳಿ. ಅವರದು ತಪ್ಪಲ್ಲ. ಮಗಳಿಗೆ ಮಾತು ಬರಲಿ ಎನ್ನುವ ಆಸೆಯಿಂದಲೇ ಹಾಗೆ ಮಾಡುತ್ತಿದ್ದಾರೆ. ಆದರೆ ಕೇಳಿಸದ ಮಗುವಿನ ಕೈ ಹಿಡಿಯುವುದೂ ಒಂದೇ, ಕೇಳಿಸುವ ಮಗುವಿನ ಬಾಯಿ ಮುಚ್ಚುವುದೂ ಒಂದೇ.

ನಾನು ಬೆಳಗಾವಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಿವುಡ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಆಸ್ಪತ್ರೆ, ಕೋರ್ಟುಗಳಲ್ಲಿ ಅವರ ಸನ್ನೆಯನ್ನು ಕನ್ನಡದಲ್ಲಿ ಹೇಳುವ ಕೆಲಸವನ್ನೂ ಮಾಡುತ್ತೇನೆ. ಆದರೆ ಈ ಓದು, ಕೆಲಸ ಎಲ್ಲ ಆಮೇಲೆ ಬಂದದ್ದು. ಮೊದಲಿಗೆ ನಾನೊಬ್ಬ ಕಿವುಡ ಅಣ್ಣನ ತಂಗಿ. ನಿಮ್ಮ ಪತ್ರ ಓದುವಾಗ ನಮ್ಮ ಮನೆಯೇ ಕಣ್ಣ ಮುಂದೆ ಬಂತು. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಆ ಶೇ 93ರ ಲೆಕ್ಕವನ್ನು ಮೊದಲು ಬಗೆಹರಿಸೋಣ. ಅದು ಬಂದಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಅವರ ಎರಡು ಪ್ರಯೋಗಗಳಿಂದ. ಎರಡೂ 1967ರಲ್ಲಿ ಪ್ರಕಟವಾದವು. ಒಂದೊಂದೇ ಪದವನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿದರು, ಬೇರೆ ಬೇರೆ ಮುಖಭಾವದ ಫೋಟೋ ತೋರಿಸಿದರು. ಹೇಳುವವರಿಗೆ ಎದುರಿನವರ ಮೇಲೆ ಪ್ರೀತಿ ಇದೆಯೋ ಇಲ್ಲವೋ ಎಂದು ಕೇಳಿದರು. ಪದ ಒಂದು ಹೇಳಿ ಮುಖ ಇನ್ನೊಂದು ಹೇಳಿದರೆ ಜನ ಮುಖವನ್ನೇ ನಂಬುತ್ತಾರೆ ಎಂದು ಕಂಡುಬಂತು. ಪದಕ್ಕೆ ಶೇ 7, ದನಿಗೆ 38, ಮುಖಕ್ಕೆ 55 ಎಂಬ ಲೆಕ್ಕ ಅಲ್ಲಿಯದು. ಭಾವನೆಯ ವಿಷಯ ಬಿಟ್ಟು ಬೇರೆ ಮಾತಿಗೆ ಇದು ಹೊಂದುವುದಿಲ್ಲ ಎಂದು ಅವರೇ ಹೇಳಿದ್ದಾರೆ.

ನಂಬಿಕೆ ಬರದಿದ್ದರೆ ನಿಮ್ಮ ಸೊಸೈಟಿಯಲ್ಲೇ ಪರೀಕ್ಷೆ ಮಾಡಿ. "ಮೂರು ತಿಂಗಳು ಕಂತು ಕಟ್ಟದಿದ್ದರೆ ಜಾಮೀನುದಾರರಿಗೆ ನೋಟಿಸ್ ಹೋಗುತ್ತದೆ" ಎನ್ನುವುದನ್ನು ಬಾಯಿ ಬಿಡದೆ ಬರೀ ಮುಖ, ಕೈಯಲ್ಲಿ ಒಬ್ಬರಿಗೆ ತಿಳಿಸಿ ನೋಡಿ. ಸಿಟ್ಟು ತೋರಿಸಬಹುದು. ದುಡ್ಡು ಎಂದು ಬೆರಳು ಉಜ್ಜಿ ತೋರಿಸಬಹುದು. "ಕಟ್ಟದಿದ್ದರೆ" ಎನ್ನುವುದನ್ನು ಹೇಗೆ ತೋರಿಸುತ್ತೀರಿ? ಮುಖ ನೋಡಿದರೆ ಮನಸ್ಸು ಗೊತ್ತಾಗುತ್ತದೆ ನಿಜ. ವಿಷಯ ತಿಳಿಸಲು ಭಾಷೆಯೇ ಬೇಕು.

ನಮ್ಮ ಕಡೆ ಸನ್ನೆಗೇನೂ ಬರವಿಲ್ಲ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ಹೋಗಿದ್ದರೆ ನೋಡಿರುತ್ತೀರಿ. ದಲಾಲಿ ಟವೆಲ್ಲಿನ ಕೆಳಗೆ ರೈತನ ಬೆರಳು ಹಿಡಿಯುತ್ತಾನೆ. ಯಾವ ಬೆರಳು ಹಿಡಿದ, ಎಷ್ಟು ಬೆರಳು ಒತ್ತಿದ ಎನ್ನುವುದರ ಮೇಲೆ ಎತ್ತಿನ ದರ ಕುದುರುತ್ತದೆ. ಸುತ್ತ ನಿಂತ ಹತ್ತು ಜನಕ್ಕೂ ಗೊತ್ತಾಗುವುದಿಲ್ಲ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಹೋಗಿ ಆ ಟವೆಲ್ಲನ್ನೇ ನೋಡುತ್ತಾ ನಿಂತಿರುತ್ತಿದ್ದೆ. ಆದರೆ ಟವೆಲ್ಲಿನ ಕೆಳಗೆ ದರ ಬಿಟ್ಟು ಬೇರೇನನ್ನೂ ಹೇಳಲು ಬರುವುದಿಲ್ಲ. "ಈ ಎತ್ತು ಹೋದ ವರ್ಷ ಹಳ್ಳದಲ್ಲಿ ಜಾರಿ ಬಿದ್ದಿತ್ತು" ಎನ್ನಬೇಕಾದರೆ ಟವೆಲ್ ತೆಗೆದು ಬಾಯಿ ತೆರೆಯಲೇಬೇಕು.

ನಿಮ್ಮ ಶೆಡ್ಡಿನಲ್ಲೂ ಅಷ್ಟೇ ಅಲ್ವಾ? ಮಗ್ಗ ಓಡುವಾಗ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸುವುದಿಲ್ಲ. ನೂಲು ಹರಿಯಿತು, ಕಂಡಿಕೆ ಮುಗಿಯಿತು, ಚಹಾ ಬಂತು, ಎಲ್ಲವನ್ನೂ ಕೈಯಲ್ಲೇ ಹೇಳುತ್ತೀರಿ. ನಿಮ್ಮ ತಾಯಿಯವರು ಮೊಮ್ಮಗಳ ಜೊತೆ ಅಷ್ಟು ಚೆನ್ನಾಗಿ ಹೊಂದಿಕೊಂಡಿದ್ದು ಇದರಿಂದಲೇ ಇರಬಹುದು. ಮಗ್ಗದ ಮನೆಯಲ್ಲಿ ಬಾಳಿದವರ ಕೈ ಮೊದಲೇ ಪಳಗಿರುತ್ತದೆ.

ನಿಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದಕ್ಕೆ ಮನೆಸನ್ನೆ ಎನ್ನುತ್ತೇವೆ. ಕೇಳಿಸದ ಮಗು ಇರುವ ಮನೆಗಳಲ್ಲಿ ಇದು ತಾನಾಗಿಯೇ ಹುಟ್ಟುತ್ತದೆ. ಇದನ್ನು ಹಗುರವಾಗಿ ನೋಡಬೇಡಿ. ಅಮೆರಿಕದ ಸೂಸನ್ ಗೋಲ್ಡಿನ್-ಮೆಡೋ ಅವರು ಇಂಥ ಮಕ್ಕಳನ್ನೇ ದಶಕಗಳ ಕಾಲ ಗಮನಿಸಿದರು. ಮಕ್ಕಳು ಸನ್ನೆಗಳನ್ನು ಒಂದು ಕ್ರಮದಲ್ಲಿ ಜೋಡಿಸುತ್ತಾರೆ, ಅಪ್ಪ-ಅಮ್ಮ ತೋರಿಸಿದ್ದಕ್ಕಿಂತ ಮುಂದೆ ಹೋಗುತ್ತಾರೆ ಎಂದು ಕಂಡುಕೊಂಡರು. ಭಾಷೆಗಾಗಿ ಮಗುವಿನ ಮನಸ್ಸು ಅಷ್ಟು ಹಸಿದಿರುತ್ತದೆ. ಆದರೆ ಮನೆಸನ್ನೆಯಲ್ಲೇ ನಿಂತುಬಿಟ್ಟರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯ ಕಥೆಯಿಂದಲೇ ಹೇಳುತ್ತೇನೆ.

ನಮ್ಮೂರು ಸಿಂದಗಿ ಕಡೆ. ನಮ್ಮ ಅಜ್ಜಿ ತೀರಿಕೊಂಡಾಗ ಅಣ್ಣನಿಗೆ ಒಂಬತ್ತು ವರ್ಷ, ನನಗೆ ಏಳು. ಅಜ್ಜಿಯನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವಿನ ಮಾಲೆ ಹಾಕಿ, ಹೊಲದ ಬದುವಿನ ಪಕ್ಕ ಮಣ್ಣು ಮಾಡಿದರು. ಅಣ್ಣ ಒಬ್ಬೊಬ್ಬರ ಸೆರಗು, ತೋಳು ಜಗ್ಗಿ ಕೇಳುತ್ತಿದ್ದ. ನಮ್ಮ ಮನೆಸನ್ನೆಯಲ್ಲಿ ಅಜ್ಜಿ ಇದ್ದಳು. ನತ್ತಿನ ಜಾಗ ಮುಟ್ಟಿ ಬೆನ್ನು ಬಾಗಿಸಿದರೆ ಅಜ್ಜಿ. ಮಲಗುವುದು ಇತ್ತು. ಹೋಗುವುದು ಇತ್ತು. ಸಾಯುವುದು ಇರಲಿಲ್ಲ. "ಇನ್ನು ಯಾವತ್ತೂ" ಇರಲಿಲ್ಲ. "ಯಾಕೆ" ಇರಲಿಲ್ಲ. ಅವ್ವ ಕೆನ್ನೆಗೆ ಕೈ ಇಟ್ಟು, ಅಜ್ಜಿ ಮಲಗಿದ್ದಾಳೆ ಎಂದು ತೋರಿಸಿದಳು. ಬೇರೆ ಏನು ತೋರಿಸಬೇಕಿತ್ತು ಅವಳು?

ಮರುದಿನದಿಂದ ಅಣ್ಣ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಬದುವಿಗೆ ಹೋಗುತ್ತಿದ್ದ. ಎಷ್ಟು ದಿನ ಹೋದ ಎಂದು ನೆನಪಿಲ್ಲ. ಒಂದು ದಿನ ಮಳೆ ಬಂದು ಅಲ್ಲಿಯ ಮಣ್ಣು ಕುಸಿದಾಗ ಅವನು ಚೀರಿದ್ದು ನೆನಪಿದೆ.

ಹತ್ತೊಂಬತ್ತನೇ ವಯಸ್ಸಿಗೆ ಅವನು ಬೆಳಗಾವಿಗೆ ಬಂದ. ಟೇಲರ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಬಟನ್ ಹಚ್ಚುತ್ತಿದ್ದವರೂ ಕಿವುಡರೇ. ಅವರ ಮೂಲಕ ಇನ್ನಷ್ಟು ಗೆಳೆಯರಾದರು. ಸೈನ್, ಅಂದರೆ ಕಿವುಡರ ಸನ್ನೆ ಭಾಷೆ ಕಲಿತ. ಎರಡು ವರ್ಷದ ಮೇಲೆ ಊರಿಗೆ ಬಂದವನು ಒಂದು ಸಂಜೆ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡ. ಅಷ್ಟು ಹೊತ್ತಿಗೆ ನನಗೂ ಅವನಿಂದ ಸ್ವಲ್ಪ ಸೈನ್ ಬಂದಿತ್ತು. ಅವನು ಕೇಳಿದ ಮೊದಲ ದೊಡ್ಡ ಪ್ರಶ್ನೆ: ಅವತ್ತು ಅಜ್ಜಿಗೆ ಏನಾಗಿತ್ತು? ಹನ್ನೆರಡು ವರ್ಷ ಆ ಪ್ರಶ್ನೆ ಅವನೊಳಗೇ ಕೂತಿತ್ತು.

"ಮೂಗ ಕಂಡ ಕನಸು" ಎಂಬ ಮಾತು ನಮ್ಮಲ್ಲಿದೆ. ಕಂಡವನಿಗೆ ಗೊತ್ತು, ಹೇಳಲು ಬಾಯಿಲ್ಲ ಎಂದು ಅರ್ಥ. ನಾನು ಆ ಮಾತನ್ನು ಒಪ್ಪುವುದಿಲ್ಲ. ನಮ್ಮ ಅಣ್ಣ ಈಗ ಬೆಳಿಗ್ಗೆ ಎದ್ದು ತನ್ನ ಕನಸುಗಳನ್ನು ಹೆಂಡತಿಗೆ ಕೈಯಲ್ಲೇ ಪೂರ್ತಿ ಹೇಳುತ್ತಾನೆ. ಕನಸಿನಲ್ಲೂ ಜನ ಸೈನ್ ಮಾಡುತ್ತಾರಂತೆ. ಅವನಿಗೆ ಅಷ್ಟು ದಿನ ಇಲ್ಲದೇ ಹೋಗಿದ್ದು ಬಾಯಲ್ಲ, ಭಾಷೆ.

ಮನೆಸನ್ನೆ ಭಾಷೆಯಾಗಿ ಬೆಳೆದದ್ದನ್ನು ಲೋಕ ಒಮ್ಮೆ ಕಣ್ಣಾರೆ ನೋಡಿದೆ. ಮಧ್ಯ ಅಮೆರಿಕದ ನಿಕರಾಗುವಾ ದೇಶದಲ್ಲಿ ಕಿವುಡ ಮಕ್ಕಳು ಒಬ್ಬೊಬ್ಬರೇ ತಮ್ಮ ತಮ್ಮ ಮನೆಯಲ್ಲಿ ಇದ್ದರು. 1970ರ ದಶಕದ ಕೊನೆಯಲ್ಲಿ ರಾಜಧಾನಿ ಮನಾಗುವಾದಲ್ಲಿ ಅವರನ್ನು ಒಂದೇ ಶಾಲೆಗೆ ಸೇರಿಸತೊಡಗಿದರು. ಟೀಚರುಗಳು ತುಟಿ ನೋಡಿ ಮಾತು ಕಲಿಸಲು ಹೊರಟರು, ಅದು ಅಷ್ಟಾಗಿ ಹತ್ತಲಿಲ್ಲ. ಆದರೆ ಆಟದ ಬಯಲಲ್ಲಿ, ಬಸ್ಸಿನಲ್ಲಿ ಮಕ್ಕಳು ತಮ್ಮ ಮನೆಸನ್ನೆಗಳನ್ನು ಬೆರೆಸಿಕೊಂಡರು. ಆಮೇಲೆ ಬಂದ ಚಿಕ್ಕ ಮಕ್ಕಳು ಅದನ್ನು ಇನ್ನೂ ಚುರುಕು ಮಾಡಿದರು, ವ್ಯಾಕರಣ ಕೂಡಿಸಿದರು. ಕೆಲವೇ ವರ್ಷಗಳಲ್ಲಿ ಹೊಸದೊಂದು ಭಾಷೆ ಹುಟ್ಟಿತು. ದೊಡ್ಡವರು ಯಾರೂ ಅದನ್ನು ಕಲಿಸಿರಲಿಲ್ಲ. ಇದರಲ್ಲಿ ನನಗೆ ಕಾಣುವುದು ಇಷ್ಟು: ಮಗು ಎಷ್ಟೇ ಜಾಣ ಇರಲಿ, ಒಂಟಿಯಾಗಿದ್ದರೆ ಭಾಷೆ ಆಗುವುದಿಲ್ಲ. ಜೊತೆ ಬೇಕು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಸನ್ನೆ ಭಾಷೆ ಎಂದರೆ ಏನು?

"ಮಾತಿಲ್ಲದ ಸಂವಹನ" ಎಂಬ ಪಟ್ಟಿಯಲ್ಲಿ ಹಾವಭಾವ, ಕಣ್ಣೋಟ, ಉಡುಪುಗಳ ಜೊತೆ ಸನ್ನೆ ಭಾಷೆಯನ್ನೂ ಸೇರಿಸಿ ಬರೆಯುವವರು ತುಂಬಾ ಜನ. ಅದು ತಪ್ಪು. ಸನ್ನೆ ಭಾಷೆ ದನಿಯಿಲ್ಲದ ಮಾತು, ಆದರೆ ಮಾತೇ. 1960ರಲ್ಲಿ ಅಮೆರಿಕದ ಗ್ಯಾಲೊಡೆಟ್ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ವಿಲಿಯಂ ಸ್ಟೋಕಿ ಇದನ್ನು ಬಿಡಿಸಿ ತೋರಿಸಿದರು. ಕನ್ನಡದಲ್ಲಿ ಬಳೆ, ಮಳೆ ಎಂಬ ಎರಡು ಪದಗಳಿಗೆ ಇರುವ ವ್ಯತ್ಯಾಸ ಒಂದೇ ಒಂದು ದನಿ. ಹಾಗೆಯೇ ಸೈನ್‌ನಲ್ಲಿ ಬೆರಳುಗಳ ಆಕಾರ, ಕೈ ಇರುವ ಜಾಗ, ಕೈ ಆಡುವ ರೀತಿ, ಇವುಗಳಲ್ಲಿ ಒಂದು ಬದಲಾದರೂ ಪದವೇ ಬದಲಾಗಬಹುದು. ಭಾಷೆಯನ್ನು ನೋಡಿಕೊಳ್ಳುವ ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ನಮಗೆ ಮಾತು ತಡವರಿಸುತ್ತದೆ. ಅದೇ ಜಾಗಕ್ಕೆ ಪೆಟ್ಟಾದ ಕಿವುಡರಿಗೆ ಸೈನ್ ತಡವರಿಸುತ್ತದೆ, ಕೈಗೆ ಏನೂ ಆಗಿರದಿದ್ದರೂ. ಸೈನ್ ಮಾಡುವ ಅಪ್ಪ-ಅಮ್ಮಂದಿರ ಕಿವುಡ ಕೂಸುಗಳು ಬೆರಳಲ್ಲೇ ತೊದಲುತ್ತವೆ ಎಂದು 1991ರಲ್ಲಿ ಲಾರಾ ಪೆಟಿಟೊ ಮತ್ತು ಪೌಲಾ ಮಾರೆಂಟೆಟ್ ತೋರಿಸಿದರು. ಈ ಸಂಗತಿ ನನಗೆ ಯಾವಾಗ ನೆನಪಾದರೂ ಖುಷಿಯಾಗುತ್ತದೆ.

ನಮ್ಮ ದೇಶದ್ದು ಭಾರತೀಯ ಸನ್ನೆ ಭಾಷೆ. ಕಿವುಡರು ಇದನ್ನು ಸುಮ್ನೆ "ಸೈನ್" ಎನ್ನುತ್ತಾರೆ, ನಾವೂ ಹಾಗೇ ಅನ್ನೋಣ. ಕನ್ನಡದವರಿಗೆ ಇದು ಇಂಗ್ಲಿಷಿನವರಿಗಿಂತ ಬೇಗ ಹತ್ತುತ್ತದೆ ಎಂದು ನನ್ನ ಅನುಭವ. ಕ್ರಿಯಾಪದ ನಮ್ಮ ಹಾಗೆ ಕೊನೆಗೆ ಬರುತ್ತದೆ. "ನಿನ್ನ ಹೆಸರು ಏನು" ಎಂದು ನಾವು ಕೇಳುವ ಕ್ರಮದಲ್ಲೇ "ಏನು" ಅಲ್ಲಿಯೂ ಕೊನೆಗೆ. "ಬೇಡ", "ಇಲ್ಲ" ಕೂಡ ಕೊನೆಗೆ. ಹೆಂಗಸು ಎನ್ನಲು ನತ್ತಿನ ಜಾಗ, ಗಂಡಸು ಎನ್ನಲು ಮೀಸೆ. ನಮ್ಮ ಮನೆಸನ್ನೆಯ ಅಜ್ಜಿಯೂ ನತ್ತಿನಿಂದಲೇ ಶುರುವಾಗುತ್ತಿದ್ದಳು ನೋಡಿ.

ಆದರೆ ಇದು ಕೈಯಲ್ಲಿ ಆಡುವ ಕನ್ನಡ ಅಲ್ಲ. "ಅಜ್ಜಿ ಅಪ್ಪನಿಗೆ ದುಡ್ಡು ಕೊಟ್ಟಳು" ಎನ್ನಬೇಕಾದರೆ ನಾವು "ಗೆ" ಹಚ್ಚುತ್ತೇವೆ. ಸೈನ್‌ನಲ್ಲಿ "ಗೆ" ಇಲ್ಲ. ಅಜ್ಜಿಯನ್ನು ಬಲಗಡೆ ಇಡುತ್ತಾರೆ, ಅಪ್ಪನನ್ನು ಎಡಗಡೆ ಇಡುತ್ತಾರೆ, "ಕೊಡು" ಎನ್ನುವ ಕೈ ಬಲದಿಂದ ಎಡಕ್ಕೆ ಸಾಗುತ್ತದೆ. ಎಡದಿಂದ ಬಲಕ್ಕೆ ಸಾಗಿದರೆ ಅಪ್ಪ ಅಜ್ಜಿಗೆ ಕೊಟ್ಟ ಎಂದಾಗುತ್ತದೆ. ಒಂದು "ಗೆ" ಮಾಡುವ ಕೆಲಸವನ್ನು ಗಾಳಿಯಲ್ಲಿರುವ ಜಾಗ ಮಾಡುತ್ತದೆ. ಮುಖವೂ ಇಲ್ಲಿ ವ್ಯಾಕರಣವೇ. "ಊಟ" ಎಂಬ ಸೈನ್ ಮಾಡಿ ಹುಬ್ಬು ಎತ್ತಿದರೆ ಅದು ಪ್ರಶ್ನೆ. ಸೈನ್ ಕಲಿಯಲು ಬರುವ ಅಪ್ಪಂದಿರು ಕೈ ಮಾತ್ರ ಆಡಿಸಿ ಮುಖವನ್ನು ಕಲ್ಲಿನ ಹಾಗೆ ಇಟ್ಟುಕೊಳ್ಳುತ್ತಾರೆ. ಮಕ್ಕಳಿಗೆ ಅದು ಏರಿಳಿತವಿಲ್ಲದ ಒಂದೇ ದನಿಯ ಮಾತಿನ ಹಾಗೆ ಕಾಣುತ್ತದೆ.

ಈಗ ಥೆರಪಿಯವರ ಮಾತಿಗೆ ಬರೋಣ. ಸನ್ನೆ ಕಲಿತ ಮಗುವಿಗೆ ಬಾಯಿಮಾತು ಬರುವುದಿಲ್ಲ ಎನ್ನಲು ಗಟ್ಟಿಯಾದ ಪುರಾವೆ ಇಲ್ಲ. ಈ ಹೆದರಿಕೆ ಹಳೆಯದು. 1880ರಲ್ಲಿ ಇಟಲಿಯ ಮಿಲಾನ್ ಊರಿನಲ್ಲಿ ಕಿವುಡ ಮಕ್ಕಳ ಶಿಕ್ಷಕರ ಸಮ್ಮೇಳನ ಸೇರಿತು. ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ. ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತೊಂದೇ ಸಾಕು ಎಂದು ಅವರು ತೀರ್ಮಾನಿಸಿದರು. ಅದು ಜಗತ್ತಿಗೆಲ್ಲ ಹಬ್ಬಿತು. ನಮ್ಮ ದೇಶದ ಮೊದಲ ಕಿವುಡರ ಶಾಲೆ ಮುಂಬಯಿಯಲ್ಲಿ ಶುರುವಾಗಿದ್ದೂ ಅದೇ ದಶಕದಲ್ಲಿ. ಬೆಳಗಾವಿ, ವಿಜಯಪುರ ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ನೂರು ವರ್ಷದ ಮೇಲೆಯೂ ನಮ್ಮ ಅಣ್ಣ ಓದಿದ ಶಾಲೆಯಲ್ಲಿ ಕೈ ಆಡಿಸಿದರೆ ಸ್ಕೇಲಿನ ಏಟು ಬೀಳುತ್ತಿತ್ತು. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕೂರಬೇಕಿತ್ತು. ಐದು ವರ್ಷ ಹಾಗೆ ಕೂತು ಅವನು ಕಲಿತದ್ದು ಹತ್ತು ಹನ್ನೆರಡು ಪದ. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಅದೇ ಪರಂಪರೆಯ ಸಮ್ಮೇಳನ ಮಿಲಾನ್ ತೀರ್ಮಾನಗಳನ್ನು ತಳ್ಳಿಹಾಕಿತು, ಆದ ಹಾನಿಗೆ ವಿಷಾದ ಹೇಳಿತು. ಆ ಸುದ್ದಿ ಎಲ್ಲ ಥೆರಪಿ ಕೋಣೆಗಳಿಗೂ ಇನ್ನೂ ಮುಟ್ಟಿಲ್ಲ.

ತುಟಿ ನೋಡಿ ಕಲಿಯಲಿ ಎನ್ನುತ್ತಾರಲ್ಲ, ಅದು ಎಷ್ಟು ಕಷ್ಟ ಎಂದು ನೀವೇ ನೋಡಿ. ಕನ್ನಡಿಯ ಮುಂದೆ ನಿಂತು ದನಿ ಹೊರಡಿಸದೆ "ಭಾವ" ಎನ್ನಿ, ಆಮೇಲೆ "ಮಾವ" ಎನ್ನಿ. ಪಾಪ, ಬಾಬಾ, ಮಾಮಾ ಎನ್ನಿ. ತುಟಿ ಒಂದೇ ಥರ ಆಡುತ್ತದೆ. ಕ, ಗ, ಹ ಗಂಟಲಲ್ಲೇ ಆಗಿಹೋಗುತ್ತವೆ, ಕಾಣುವುದೇ ಇಲ್ಲ. ಭಾಷೆ ಮೊದಲೇ ಗೊತ್ತಿದ್ದವರು ಉಳಿದದ್ದನ್ನು ಊಹಿಸಿಕೊಳ್ಳಬಹುದು. ಭಾಷೆಯನ್ನೇ ಕಲಿಯಬೇಕಾದ ಮಗು ಯಾವುದರಿಂದ ಊಹಿಸಬೇಕು?

ಹಾಗಂತ ಥೆರಪಿ ಬಿಡಬೇಡಿ, ಮಷೀನ್ ಬಿಡಬೇಡಿ. ಎರಡೂ ಇರಲಿ, ಸೈನ್ ಕೂಡ ಇರಲಿ. ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕಿವಿಯೊಳಗೆ ಕೇಳಿಸುವ ಯಂತ್ರ ಕೂರಿಸುವ ಆಪರೇಷನ್ ಬಗ್ಗೆ ಯೋಚನೆ ಇದ್ದರೆ ತಡ ಮಾಡದೆ ಕಿವಿ-ಮೂಗು-ಗಂಟಲಿನ ಡಾಕ್ಟರನ್ನು ಕೇಳಿ. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ನೆರವು ಸಿಗುತ್ತದೆ, ಆದರೆ ಹುಟ್ಟಿನಿಂದ ಕೇಳಿಸದ ಮಕ್ಕಳಿಗೆ ಅಲ್ಲಿ ಐದು ವರ್ಷದ ಮಿತಿ ಇದೆ. ಆಪರೇಷನ್ ಆದರೂ ವರ್ಷಗಟ್ಟಲೆ ಥೆರಪಿ ಬೇಕು. ಕೆಲವು ಮಕ್ಕಳಿಗೆ ಚೆನ್ನಾಗಿ ಹತ್ತುತ್ತದೆ, ಕೆಲವರಿಗೆ ಅಷ್ಟಿಲ್ಲ. ಯಾರಿಗೆ ಎಷ್ಟು ಎಂದು ಮೊದಲೇ ಹೇಳಲಾಗದು. ರಾತ್ರಿ ಮಲಗುವಾಗ, ಸ್ನಾನ ಮಾಡುವಾಗ ಹೊರಗಿನ ಯಂತ್ರ ತೆಗೆದಿಟ್ಟರೆ ಮಗುವಿಗೆ ಮತ್ತೆ ಕೇಳಿಸುವುದಿಲ್ಲ. ಭಾಷೆಗೆ ಹೊತ್ತು ಗೊತ್ತಿದೆ. ಮೊದಲ ಐದಾರು ವರ್ಷದಲ್ಲಿ ಯಾವುದಾದರೂ ಒಂದು ಭಾಷೆ ಪೂರ್ತಿಯಾಗಿ ಒಳಗೆ ಇಳಿಯಬೇಕು. ಅದು ಕಿವಿಯಿಂದ ಇಳಿಯಿತೋ ಕಣ್ಣಿನಿಂದ ಇಳಿಯಿತೋ ಎನ್ನುವುದು ಮಗುವಿನ ಮನಸ್ಸಿಗೆ ದೊಡ್ಡ ವಿಷಯವಲ್ಲ. ಮಷೀನ್ ಕೆಲಸ ಮಾಡುತ್ತದೋ ನೋಡೋಣ ಎಂದು ಕಾಯುತ್ತಾ ಆ ವರ್ಷಗಳನ್ನು ಕಳೆದುಕೊಂಡ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನಿಮ್ಮ ಮನೆಗೇ ಸಂಬಂಧಿಸಿದ ಒಂದು ವಿಷಯ. ಪವರ್‌ಲೂಮ್ ಶೆಡ್ಡಿನಲ್ಲಿ ಸದ್ದು 90 ಡೆಸಿಬಲ್ ದಾಟುವುದು ಸಾಮಾನ್ಯ. ಕಿವಿ ಮಷೀನ್ ಮಾತನ್ನು ಮಾತ್ರ ಆರಿಸಿ ದೊಡ್ಡದು ಮಾಡುವುದಿಲ್ಲ, ಮಗ್ಗದ ಸದ್ದನ್ನೂ ಒಳಗೆ ತಳ್ಳುತ್ತದೆ. ಮಗು ಮಷೀನ್ ಕಿತ್ತು ಎಸೆಯುತ್ತಿದ್ದರೆ ಹಟ ಎಂದುಕೊಳ್ಳಬೇಡಿ. ಮಗ್ಗದಿಂದ ದೂರ ಇರುವ ಕೋಣೆಯಲ್ಲಿ, ಮಗ್ಗ ನಿಂತ ಹೊತ್ತಿನಲ್ಲಿ ಥೆರಪಿಯ ಅಭ್ಯಾಸ ಮಾಡಿಸಿ.

ಕನ್ನಡ ಸನ್ನೆ ಭಾಷೆ ಎಂದು ಬೇರೆ ಇಲ್ಲ. 1970ರ ದಶಕದಲ್ಲಿ ಮದನ್ ವಸಿಷ್ಠ ಮತ್ತು ಅವರ ಜೊತೆಗಾರರು ದೆಹಲಿ, ಕೋಲ್ಕತ್ತ, ಮುಂಬಯಿ, ಬೆಂಗಳೂರಿನ ಸನ್ನೆಗಳನ್ನು ಹೋಲಿಸಿ ನೋಡಿದರು. ವಸಿಷ್ಠ ಅವರೂ ಹನ್ನೊಂದನೇ ವಯಸ್ಸಿನಲ್ಲಿ ಕಿವಿ ಕಳೆದುಕೊಂಡವರು. ನಾಲ್ಕು ಊರಿನ ಪದಗಳಲ್ಲಿ ಸುಮಾರು ಮುಕ್ಕಾಲು ಪಾಲು ಒಂದಕ್ಕೊಂದು ಹೊಂದುತ್ತಿದ್ದವು. ಊರಿಂದ ಊರಿಗೆ ಕೆಲವು ಪದ ಬೇರೆ, ವ್ಯಾಕರಣ ಹೆಚ್ಚುಕಡಿಮೆ ಒಂದೇ. ಬೆಳಗಾವಿಯ ಕಿವುಡರು ಕೊಲ್ಹಾಪುರಕ್ಕೆ ಹೋಗಿ ಆರಾಮಾಗಿ ಹರಟೆ ಹೊಡೆದು ಬರುತ್ತಾರೆ. ನಮ್ಮ ಗಡಿಯಲ್ಲಿ ಕನ್ನಡ, ಮರಾಠಿ ಎಂದು ಎಷ್ಟು ಜಗಳ ಆಗಿವೆ ನಿಮಗೆ ಗೊತ್ತು. ಅವರ ಕೈಗಳಿಗೆ ಆ ಗಡಿ ಇಲ್ಲ. ಆದರೆ ಅಮೆರಿಕದ ಸೈನ್ ಬೇರೆ, ಬ್ರಿಟನ್ನಿನದು ಬೇರೆ. ಯೂಟ್ಯೂಬಿನಲ್ಲಿ ಕಲಿಯುವಾಗ ಇದನ್ನು ನೋಡಿಕೊಳ್ಳಿ. ಒಂದೇ ಕೈಯಲ್ಲಿ ಎ, ಬಿ, ಸಿ ತೋರಿಸುತ್ತಿದ್ದರೆ ಅದು ಅಮೆರಿಕದ್ದು ಇರಬಹುದು. ನಮ್ಮಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಎರಡೂ ಕೈ ಬಳಸುತ್ತಾರೆ.

ನಮ್ಮ ರಾಜ್ಯದಲ್ಲೇ ತನ್ನದೇ ಸನ್ನೆ ಭಾಷೆ ಇರುವ ಊರೊಂದಿದೆ. ಗೌರಿಬಿದನೂರು ತಾಲ್ಲೂಕಿನ ಅಲೀಪುರ. ಅಲ್ಲಿ ತಲೆಮಾರುಗಳಿಂದ ಕಿವುಡರು ಜಾಸ್ತಿ. ಹಾಗಾಗಿ ಕಿವಿ ಕೇಳುವ ಎಷ್ಟೋ ಜನರಿಗೂ ಅಲ್ಲಿ ಸೈನ್ ಬರುತ್ತದೆ. ಸಿಬಾಜಿ ಪಂಡಾ ಎಂಬ ಕಿವುಡ ಸಂಶೋಧಕರು ಅದನ್ನು ದಾಖಲಿಸಿದ್ದಾರೆ. ನಿಮ್ಮ ಓಣಿ ಅಲೀಪುರ ಆಗಬೇಕಿಲ್ಲ. ಮನೆಯಲ್ಲಿ ನಾಲ್ಕು ಜನರಿಗೆ ಬಂದರೆ ಮಗುವಿಗೆ ಅದೇ ಬಹಳ.

ಹಾಗಾದರೆ ಕನ್ನಡ ಬೇಡವಾ ಎಂದು ಕೇಳಬಹುದು. ಬೇಕು, ಖಂಡಿತ ಬೇಕು. ಓದಲು, ಬರೆಯಲು ಅವಳು ಕನ್ನಡ ಕಲಿಯುತ್ತಾಳೆ, ಎರಡನೇ ಭಾಷೆಯಾಗಿ. ಮುಂದೆ ಅವಳು "ನಾನು ನಿನ್ನೆ ಸಂತೆ ಹೋಗು" ಎಂದು ಬರೆದರೆ ದಡ್ಡಿ ಎನ್ನಬೇಡಿ. ಸೈನ್‌ನಲ್ಲಿ "ಗೆ" ಇಲ್ಲ ಎಂದೆನಲ್ಲ, ಅದೇ ಕಾರಣ. ನಾವು ಇಂಗ್ಲಿಷ್ ಬರೆಯುವಾಗ ಮಾಡುವ ತಪ್ಪಿನಂಥದ್ದೇ ಇದು. ತಿದ್ದಿದರೆ ಸರಿಹೋಗುತ್ತದೆ.

ಭಾಷೆಯ ಜೊತೆ ಒಂದು ನಡೆನುಡಿಯೂ ಇದೆ. ಡೆಫ್ ಜನ, ಅಂದರೆ ಕಿವುಡರು, ಒಬ್ಬರನ್ನೊಬ್ಬರು ಕರೆಯಲು ಹೆಗಲು ತಟ್ಟುತ್ತಾರೆ, ನೆಲ ಬಡಿಯುತ್ತಾರೆ, ಲೈಟು ಹಾಕಿ ಆರಿಸುತ್ತಾರೆ. ಚಪ್ಪಾಳೆಗೆ ಎರಡೂ ಕೈ ಮೇಲೆತ್ತಿ ಅಲ್ಲಾಡಿಸುತ್ತಾರೆ. ಮಾತಾಡುವಾಗ ಕಣ್ಣು ಬೇರೆ ಕಡೆ ತಿರುಗಿಸಿದರೆ ಅದು ಅವಮಾನ, ನಾವು ಕಿವಿ ಮುಚ್ಚಿಕೊಂಡ ಹಾಗೆ. ನಮ್ಮ ಕಡೆ ಇಲ್ಲ ಎನ್ನಲು ನಾಲಿಗೆಯಿಂದ "ಚ್" ಎನ್ನುತ್ತೇವೆ, ಮಗುವಿಗೆ ಅದು ಮುಟ್ಟುವುದೇ ಇಲ್ಲ. ತಲೆ ಆಡಿಸಿ. ಕಿಟಕಿಗೆ ಬೆನ್ನು ಮಾಡಿ ಕೂತು ಮಾತಾಡಬೇಡಿ, ಮುಖ ಕತ್ತಲಾಗುತ್ತದೆ. ರಾತ್ರಿ ಕರೆಂಟ್ ಹೋದರೆ ಮಾತೇ ನಿಂತುಹೋಗುತ್ತದೆ. ಹಾಗಾಗಿ ಎಮರ್ಜೆನ್ಸಿ ಲೈಟ್ ಅವಳ ಕೈಗೆ ಎಟಕುವ ಜಾಗದಲ್ಲಿ ಇರಲಿ. ಡೆಫ್ ಜನ ಎದುರಿಗೇ "ನೀನು ದಪ್ಪ ಆಗಿದ್ದೀಯ" ಎಂದುಬಿಡುತ್ತಾರೆ. ಅದರಲ್ಲಿ ಕೆಟ್ಟ ಮನಸ್ಸಿಲ್ಲ. ಎಲ್ಲರಿಗೂ ಒಂದು ಸೈನ್ ಹೆಸರು ಇರುತ್ತದೆ. ಗಲ್ಲದ ಮಚ್ಚೆ, ಗುಂಗುರು ಕೂದಲು, ಯಾವುದೋ ಅಭ್ಯಾಸ ನೋಡಿ ಡೆಫ್ ಗೆಳೆಯರೇ ಅದನ್ನು ಇಡುತ್ತಾರೆ. ನಾವೇ ಇಟ್ಟುಕೊಳ್ಳುವಂತಿಲ್ಲ.

"ಮೂಗಿ" ಎಂಬ ಪದ ನಿಮ್ಮ ಓಣಿಯಲ್ಲಿ ಯಾರಾದರೂ ಅಂದರೆ ಅಲ್ಲೇ ತಡೆಯಿರಿ. "ಶ್ರವಣದೋಷ" ಎಂದು ಕಾಗದಪತ್ರದಲ್ಲಿ ಇರುತ್ತದೆ, ಅದಿರಲಿ. ಆದರೆ ತಮ್ಮನ್ನು "ದೋಷ" ಎಂದು ಕರೆಸಿಕೊಳ್ಳಲು ಅವರಿಗೆ ಇಷ್ಟವಿಲ್ಲ. ಡೆಫ್ ಎನ್ನುತ್ತಾರೆ, ಹೆಮ್ಮೆಯಿಂದಲೇ ಎನ್ನುತ್ತಾರೆ.

ಇದೆಲ್ಲಕ್ಕಿಂತ ಅವರಿಗೆ ಹೆಚ್ಚು ನೋವಾಗುವುದು ಊಟದ ಹೊತ್ತಿನಲ್ಲಿ. ಮನೆಮಂದಿಯೆಲ್ಲ ಕೂತು ನಗುತ್ತಾರೆ. ಮಗು ಏನು ಎಂದು ಕೇಳುತ್ತದೆ. "ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ" ಎನ್ನುತ್ತೇವೆ. ಆ ಆಮೇಲೆ ಬರುವುದೇ ಇಲ್ಲ. ನಮ್ಮ ಅಣ್ಣನಿಗೆ ನಾನೇ ಸಾವಿರ ಸಲ ಹೀಗೆ ಮಾಡಿದ್ದೇನೆ. ನಿಮ್ಮ ಮನೆಯಲ್ಲಿ ಇದೊಂದನ್ನು ಮಾಡಬೇಡಿ. ಸೈನ್ ಬರದಿದ್ದರೆ ನಟನೆ ಮಾಡಿ ತೋರಿಸಿ, ಚಿತ್ರ ಬರೆದು ತೋರಿಸಿ, ಆದರೆ ಆಗಲೇ ತೋರಿಸಿ.

ಎಲ್ಲಿಂದ ಶುರು ಮಾಡಬೇಕು? ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2015ರಲ್ಲಿ ಶುರುವಾಯಿತು. ಅವರ ನಿಘಂಟಿನಲ್ಲಿ 2021ರ ಹೊತ್ತಿಗೆ 10,000 ಪದ ಆದವು. ಯೂಟ್ಯೂಬಿನಲ್ಲಿ ಉಚಿತವಾಗಿ ಸಿಗುತ್ತದೆ. ದಿನಕ್ಕೆ ಐದು ಪದ ಕಲಿತು ಅವತ್ತೇ ಬಳಸಿ. ನಗರಸಭೆಯಲ್ಲಿರುವ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸನ್ನೆ ಭಾಷೆಯನ್ನು ಒಪ್ಪಿದೆ, ಅದು ಗೊತ್ತಿರುವ ಟೀಚರನ್ನು ನೇಮಿಸಬೇಕು ಎನ್ನುತ್ತದೆ. ಶಾಲೆಯವರ ಜೊತೆ ಮಾತಾಡುವಾಗ ಇದು ನಿಮಗೆ ಗೊತ್ತಿರಲಿ. ಬೆಳಗಾವಿಯಲ್ಲಿ ಕಿವುಡ ಮಕ್ಕಳ ಸರ್ಕಾರಿ ಶಾಲೆ ಇದೆ, ಒಮ್ಮೆ ಹೋಗಿ ನೋಡಿ.

ಆದರೆ ಭಾಷೆ ವಿಡಿಯೋದಿಂದ ಪೂರ್ತಿ ಬರುವುದಿಲ್ಲ. ನಿಮ್ಮ ಮಗಳು ದೊಡ್ಡವರಾದ ಡೆಫ್ ಜನರನ್ನು ಇನ್ನೂ ನೋಡಿರಲಿಕ್ಕಿಲ್ಲ. ಕೇಳಿಸದ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಯ ಅಪ್ಪ-ಅಮ್ಮ ಕಿವಿ ಕೇಳುವವರೇ. ದೊಡ್ಡ ಕಿವುಡರನ್ನು ನೋಡದ ಕೆಲವು ಮಕ್ಕಳು, ದೊಡ್ಡವರಾದ ಮೇಲೆ ತಮಗೂ ಕೇಳಿಸುತ್ತದೆ ಎಂದುಕೊಂಡಿರುತ್ತಾರೆ. ಬನಹಟ್ಟಿ, ತೇರದಾಳ, ಜಮಖಂಡಿಯಲ್ಲಿ ವಿಚಾರಿಸಿ. ಟೇಲರ್ ಅಂಗಡಿಯಲ್ಲೋ ಪ್ರೆಸ್ಸಿನಲ್ಲೋ ಮಗ್ಗದಲ್ಲೋ ಒಬ್ಬರಾದರೂ ಸಿಗುತ್ತಾರೆ. ಮನೆಗೆ ಊಟಕ್ಕೆ ಕರೆಯಿರಿ. ಅವರು ಮಗುವಿನ ಜೊತೆ ಹತ್ತು ನಿಮಿಷ ಕೂತರೆ ಸಾಕು, ಮಗಳ ಮುಖ ನೋಡಿ ನಿಮಗೇ ಗೊತ್ತಾಗುತ್ತದೆ.

ನಮ್ಮಲ್ಲಿ ಭಾನುವಾರ ಮಧ್ಯಾಹ್ನ ಕೆಲವು ಕುಟುಂಬಗಳು ಸೇರುತ್ತವೆ. ಅಣ್ಣ, ಅತ್ತಿಗೆ ಇಬ್ಬರೂ ಬರುತ್ತಾರೆ, ಮಕ್ಕಳಿಗೆ ಕಥೆ ಹೇಳುತ್ತಾರೆ. ನೀವು ಬನ್ನಿ, ನಿಮ್ಮ ಮನೆಯವರೂ ಬರಲಿ. ನಿಮ್ಮ ತಾಯಿಯವರನ್ನು ತಪ್ಪದೇ ಕರೆದುಕೊಂಡು ಬನ್ನಿ. ಮೊಮ್ಮಗಳ ಜೊತೆ ಅವರು ಮಾಡಿಕೊಂಡಿರುವ ಸನ್ನೆಗಳನ್ನೆಲ್ಲ ಮೊದಲು ನಾವು ನೋಡಬೇಕು. ಮಗುವಿಗೆ ಈಗಾಗಲೇ ಏನೇನು ಗೊತ್ತಿದೆ ಎಂದು ಹೇಳಬಲ್ಲವರು ಅವರೇ.